ಹೊನ್ನೆ ಹಲಗೆಯ ಎಂಬಿರಾ: ಕೆಲಸ ಎಲ್ಲಿಗೆ ಬಂತು

ಮರದ ಹಲಗೆಗೆ ಲೋಹದ ಕಡ್ಡಿ ಕೂರಿಸಿ ಬೆರಳಿನಿಂದ ಮೀಟುವ ಎಂಬಿರಾ ಕೊನೆಗೂ ವಾದ್ಯದ ರೂಪಕ್ಕೆ ಬಂದಿದೆ. ಹಲಗೆ ಸಿದ್ಧ, 22 ಕಡ್ಡಿಗಳೂ ಕೂತಿವೆ. ಶ್ರುತಿ ಮಾತ್ರ ಇನ್ನೂ ಅರ್ಧಂಬರ್ಧ.

ಇದು ಜಿಂಬಾಬ್ವೆಯ ಶೋನಾ ಜನರ ವಾದ್ಯ. ಅಲ್ಲಿ ಇದಕ್ಕೆ ಮುಬ್ವಮರೋಪ ಎಂಬ ಮರ ಬಳಸುತ್ತಾರೆ. ನಮ್ಮ ಹೊನ್ನೆಯೂ ಅದರ ದಾಯಾದಿಯೇ. ಗಾಯವಾದರೆ ಎರಡೂ ಕೆಂಪು ರಸ ಸುರಿಸುತ್ತವೆ. ಬಡಗಿಯೊಬ್ಬರ ಹತ್ತಿರ ಹಳೇ ಬಾಗಿಲಿನ ಹೊನ್ನೆ ತುಂಡು ಬಿದ್ದಿತ್ತು, ಕೇಳಿದೆ, ಕೊಟ್ಟರು. ರಂದ ಹಾಕಿದ ಮೇಲೆ ಆ ಬಣ್ಣ ನೋಡಬೇಕಿತ್ತು! ಬಲಗಡೆ ಕೆಳಮೂಲೆಯಲ್ಲಿ ಕಿರುಬೆರಳು ತೂರಿಸಲು ಒಂದು ತೂತು.

ಕಡ್ಡಿಗಳಿಗೆ ಹಳೇ ಸೋಫಾ ಸ್ಪ್ರಿಂಗ್. ಕುಲುಮೆಯಲ್ಲಿ ಕಾಯಿಸಿ ನೇರ ಮಾಡಿಸಿದೆ. ತುದಿಯನ್ನು ಮಾತ್ರ ತಣ್ಣಗಾದ ಮೇಲೆ ಸುತ್ತಿಗೆಯಿಂದ ಬಡಿದು ಚಪ್ಪಟೆ ಮಾಡಬೇಕು. ಹಾಗೆ ಬಡಿದರೆ ಉಕ್ಕು ಗಟ್ಟಿಯಾಗುತ್ತದೆ.

ಶ್ರುತಿ ಮಾಡುವುದು ಕೇಳಲು ಸುಲಭ. ಕಡ್ಡಿಯನ್ನು ಹೊರಗೆ ಎಳೆದರೆ ಸ್ವರ ಇಳಿಯುತ್ತದೆ, ಒಳಗೆ ತಳ್ಳಿದರೆ ಏರುತ್ತದೆ. ಆದರೆ ಎಲ್ಲರಿಗೂ ಒಂದೇ ಅಳತೆ ಅಂತ ಇಲ್ಲಿಲ್ಲ. ಒಬ್ಬೊಬ್ಬ ತಯಾರಕನದು ಒಂದೊಂದು ಶ್ರುತಿ. ಹಾಗಾಗಿ ಫೋನಿನ ಟ್ಯೂನರ್ ಪಕ್ಕಕ್ಕಿಟ್ಟು ಕಿವಿಯಲ್ಲೇ ಜೋಡಿಸುತ್ತಿದ್ದೇನೆ.

ಹಲಗೆಯ ಕೆಳಗಡೆ ಸೋಡಾ ಬಾಟಲಿಯ ಮುಚ್ಚಳ ಸಡಿಲವಾಗಿ ಹೊಡೆದಿದ್ದೇನೆ. ನುಡಿಸಿದರೆ ಜೊಂಯ್ ಅನ್ನುತ್ತದೆ. ಮನೆಯವರು "ಇದೇನು, ಕೆಟ್ಟಿದೆಯಾ?" ಅಂದರು. ಇಲ್ಲ, ಬೇಕಾದ್ದೇ ಅದು. ತಂಬೂರಿಯ ಕುದುರೆ ಮೇಲೆ ದಾರ ಸರಿಯಾಗಿ ಕೂತಾಗ ಬರುವ ಝೇಂಕಾರದ ಹಾಗೆ. ಬೀರಾ ಎಂಬ ರಾತ್ರಿಯಿಡೀ ನಡೆಯುವ ಆಚರಣೆಯಲ್ಲಿ ಹಿರಿಯರ ಆತ್ಮಗಳನ್ನು ಕರೆಯುವುದು ಈ ನಾದದಿಂದಲೇ. ಮಿಷನರಿಗಳಿಗೆ ಇದು ಹಿಡಿಸದೇ ಇದ್ದದ್ದೂ ಅದಕ್ಕೇ.

ಜಿಂಬಾಬ್ವೆಯ ಹಾಡುಗಾರ ಥಾಮಸ್ ಮಪ್ಫುಮೋ ಮಾಡಿದ ಕೆಲಸದ ತೂಕ ಇಲ್ಲಿಂದ ನೋಡಿದರೆ ಜಾಸ್ತಿ ಗೊತ್ತಾಗುತ್ತದೆ. ದೇಶ ಇನ್ನೂ ಬಿಳಿಯರ ಆಳ್ವಿಕೆಯ ರೊಡೇಶಿಯಾ ಆಗಿದ್ದ 1970ರ ದಶಕದಲ್ಲಿ ಅವರ ಬ್ಯಾಂಡಿನವರು ಎಂಬಿರಾದ ವರಸೆಗಳನ್ನು ಎಲೆಕ್ಟ್ರಿಕ್ ಗಿಟಾರಿಗೆ ತಂದರು. ಹಾಡಿದ್ದು ಶೋನಾದಲ್ಲಿ. ಆ ಸಂಗೀತಕ್ಕೆ ಚಿಮುರೆಂಗಾ ಅಂತಲೇ ಹೆಸರು. 1896ರಲ್ಲಿ ಬಿಳಿಯರ ಆಳ್ವಿಕೆಯ ವಿರುದ್ಧ ಎದ್ದ ದಂಗೆಗೂ ಅದೇ ಹೆಸರು. ಆ ದಂಗೆಗಾಗಿ ನೆಹಾಂಡಾಳನ್ನು 1898ರಲ್ಲಿ ನೇಣಿಗೆ ಹಾಕಿದರು. ಆಕೆಯ ಮೈಮೇಲೆ ಹಿರಿಯರು ಬರುತ್ತಾರೆ ಎಂದು ಜನ ನಂಬಿದ್ದರು. ಇದೆಲ್ಲ ಗೊತ್ತಿದ್ದವರಿಗೆ ಗಿಟಾರಿನಲ್ಲಿ ಎಂಬಿರಾ ಕೇಳಿಸಿದರೆ ಸಾಕು, ಪದ ಬರುವ ಮೊದಲೇ ವಿಷಯ ತಿಳಿಯುತ್ತಿತ್ತು ಅಲ್ವಾ? ಸರ್ಕಾರಕ್ಕೂ ತಿಳಿಯಿತು. 1970ರ ದಶಕದ ಕೊನೆಯಲ್ಲಿ ಮಪ್ಫುಮೋ ಅವರನ್ನು ಒಳಗೆ ಹಾಕಿದರು. 1980ರಲ್ಲಿ ಸ್ವಾತಂತ್ರ್ಯ ಬಂತು. ಮಪ್ಫುಮೋ ಸುಮ್ನೆ ಕೂರಲಿಲ್ಲ, 1989ರಲ್ಲಿ ಹೊಸ ಆಳುವವರ ಭ್ರಷ್ಟಾಚಾರದ ಮೇಲೂ ಹಾಡಿದರು. ಕೊನೆಗೆ ಅಮೆರಿಕಕ್ಕೆ ಹೋಗಿ ನೆಲೆಸಿದರು. ನನಗೆ ಅವರು ದೊಡ್ಡವರು ಅನ್ನಿಸುವುದು ಈ ಎರಡನೇ ಜಗಳದಿಂದ.

ಮಪ್ಫುಮೋ ಬ್ಯಾಂಡಿನ ಗಿಟಾರಿನ ಆ ಕೈಚಳಕವನ್ನೂ ಪ್ರಯತ್ನಿಸಿದೆ. ಬಲ ಅಂಗೈಯನ್ನು ತಂತಿಗಳ ಬುಡದಲ್ಲಿ ಹಗುರವಾಗಿ ಒತ್ತಿಟ್ಟು ಮೀಟಬೇಕು. ನಾದ ಉದ್ದ ಎಳೆಯದೆ ಟಕ್ ಅಂತ ನಿಲ್ಲುತ್ತದೆ, ಕಡ್ಡಿ ಮೀಟಿದ ಹಾಗೇ.

ಎಂಬಿರಾ ನುಡಿಸುವುದರಲ್ಲಿ ಸದ್ಯ ಕರಿಗಮೋಂಬೆ ಎಂಬ ಮಟ್ಟು. ಹೊಸಬರು ಸಾಮಾನ್ಯವಾಗಿ ಶುರು ಮಾಡುವುದು ಇದರಿಂದಲೇ. ಎರಡು ಹೆಬ್ಬೆರಳು ಕೆಳಕ್ಕೆ ಒತ್ತುತ್ತವೆ, ಬಲ ತೋರುಬೆರಳು ಕೆಳಗಿನಿಂದ ಮೇಲಕ್ಕೆ ಮೀಟುತ್ತದೆ. ತೋರುಬೆರಳು ಇನ್ನೂ ಮಾತು ಕೇಳುತ್ತಿಲ್ಲ. ಮೊದಲ ಭಾಗ ಕುಶೌರ. ಅದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು, ಅದರ ಸಂದಿಗಳಲ್ಲಿ ಕೂರುವ ಎರಡನೇ ಭಾಗ ಕುಟ್ಸಿನ್ಹಿರವನ್ನು ಜೊತೆಗೆ ನುಡಿಸಿ ನೋಡಿದೆ. ನಿಧಾನ ಲಯದಲ್ಲಿ ನಿಂತಿತು. ವೇಗ ಹೆಚ್ಚಿಸಿದರೆ ಕೈ ಬಿಡುತ್ತದೆ.

ಮುಂದೆ ಹೋಶೋ, ಅಂದರೆ ಒಳಗೆ ಬೀಜ ತುಂಬಿದ ಬುರುಡೆಯ ಗಿಲಕಿ. ಅದೂ ಜೋಡಿ ಬೇಕು. ಚೆನ್ನಾಗಿ ಒಣಗಿದ ಸಣ್ಣ ಸೋರೆಬುರುಡೆ ಎರಡು ಎಲ್ಲಿ ಸಿಗುತ್ತವೆ, ಗೊತ್ತಿದ್ದವರು ಹೇಳಿ.