ಅಳತೆಪಟ್ಟಿಯ ಕೆಂಪು ಬಣ್ಣ

ವಿಶ್ವಸಂಸ್ಥೆಯ ಅಂದಾಜಿನ ಪ್ರಕಾರ 2024ರಲ್ಲಿ ಜಗತ್ತಿನ ಸುಮಾರು 67 ಕೋಟಿ ಜನ ಹಸಿವಿನಿಂದ ಬಳಲಿದರು. ಇಷ್ಟು ದೊಡ್ಡ ಸಂಖ್ಯೆ ಮನಸ್ಸಿನ ಹಿಡಿತಕ್ಕೆ ಸಿಗುವುದಿಲ್ಲ; ಆದರೆ ಆರೋಗ್ಯ ಕಾರ್ಯಕರ್ತರು ಪುಟ್ಟ ಮಕ್ಕಳ ತೋಳಿಗೆ ಸುತ್ತಿ ನೋಡುವ ಬಣ್ಣದ ಅಳತೆಪಟ್ಟಿ ನನ್ನನ್ನು ಬಿಡದೆ ಕಾಡುತ್ತದೆ. ಐದು ವರ್ಷದೊಳಗಿನ ಮಗುವಿನ ತೋಳಿನ ಸುತ್ತಳತೆ 115 ಮಿಲಿಮೀಟರಿಗಿಂತ ಕಡಿಮೆಯಿದ್ದರೆ ಪಟ್ಟಿ ಕೆಂಪು ತೋರಿಸುತ್ತದೆ, ಅಂದರೆ ತೀವ್ರ ಅಪೌಷ್ಟಿಕತೆಯಿಂದ ಆ ಮಗುವಿನ ಜೀವಕ್ಕೇ ಅಪಾಯವಿದೆ ಎಂದರ್ಥ. ಶೇಂಗಾ, ಹಾಲಿನ ಪುಡಿ, ಸಕ್ಕರೆ, ಎಣ್ಣೆ ಬೆರೆಸಿದ, ತಲಾ 500 ಕ್ಯಾಲರಿಯಷ್ಟು ಶಕ್ತಿ ಕೊಡುವ ಪೊಟ್ಟಣಗಳನ್ನು ಕೆಲವು ವಾರ ತಿನ್ನಿಸಿದರೆ ಅಂಥ ಮಕ್ಕಳಲ್ಲಿ ಬಹುಪಾಲು ಚೇತರಿಸಿಕೊಳ್ಳುತ್ತಾರೆ. ಪರಿಹಾರ ಗೊತ್ತಿದ್ದೂ ಮಗು ಸಾಯುವುದನ್ನು ವಿಧಿಯೆಂದು ಒಪ್ಪಲು ನನ್ನಿಂದಾಗದು.

ಆಹಾರವೇ ಇಲ್ಲವೆಂದು ಹೇಳುವಂತೆಯೂ ಇಲ್ಲ. 2022ರಲ್ಲಿ ಮನೆ, ಹೋಟೆಲು, ಅಂಗಡಿಗಳಲ್ಲಿ ಸುಮಾರು 105 ಕೋಟಿ ಟನ್ ಆಹಾರ ವ್ಯರ್ಥವಾಯಿತು. 1943ರ ಬಂಗಾಳದ ಕ್ಷಾಮವನ್ನು ಅಧ್ಯಯನ ಮಾಡಿದ ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನ್, ಧಾನ್ಯವಿದ್ದರೂ ಅದನ್ನು ಕೊಳ್ಳುವ ಶಕ್ತಿ ಕಳೆದುಕೊಂಡವರು ಹಸಿವಿಗೆ ಬಲಿಯಾಗುತ್ತಾರೆಂದು ತೋರಿಸಿಕೊಟ್ಟರು. ಯುದ್ಧವಂತೂ ಅನ್ನದ ದಾರಿಯನ್ನೇ ಮುಚ್ಚುತ್ತದೆ. ಸುಡಾನಿನ ಝಮ್‌ಝಮ್ ಎಂಬ, ನೆಲೆ ಕಳೆದುಕೊಂಡವರ ಶಿಬಿರದಲ್ಲಿ 2024ರಲ್ಲಿ ಕ್ಷಾಮ ತಲೆದೋರಿದ್ದು ಹಾಗೆಯೇ.

2030ರೊಳಗೆ ಹಸಿವನ್ನು ನೀಗಿಸುವುದಾಗಿ ರಾಷ್ಟ್ರಗಳು 2015ರಲ್ಲಿ ಮಾತು ಕೊಟ್ಟಿದ್ದವು. ಗಡುವು ಹತ್ತಿರವಾಗುತ್ತಿರುವಾಗಲೇ ಶ್ರೀಮಂತ ದೇಶಗಳು ನೆರವನ್ನು ಕಡಿತಗೊಳಿಸಿ, ವಿಶ್ವಸಂಸ್ಥೆಯ ನೆರವು ಸಂಸ್ಥೆಯಾದ ವಿಶ್ವ ಆಹಾರ ಕಾರ್ಯಕ್ರಮವು 2025ರಲ್ಲಿ ನಿರಾಶ್ರಿತರ ಪಡಿತರವನ್ನೇ ಇಳಿಸಬೇಕಾಗಿ ಬಂದದ್ದು ನನಗೆ ಅಕ್ಷಮ್ಯವೆನಿಸುತ್ತದೆ.