ನಿಧಾನವಾಗಿ ಗೆರೆ ಎಳೆದವರ ಗಾಡಿಯೇ ಏಕೆ ನಿಲ್ಲುತ್ತಿತ್ತು

ಬೆಂಗಳೂರಿನ ಸಣ್ಣ ಗೇಮ್ ಸ್ಟುಡಿಯೊ ಒಂದರಲ್ಲಿ ಲೆವೆಲ್‌ಗಳನ್ನೂ ಅವುಗಳ ಹಿಂದಿನ ಫಿಸಿಕ್ಸ್ ಕೋಡನ್ನೂ ನೋಡಿಕೊಳ್ಳುವುದು ನನ್ನ ಕೆಲಸ. ಬೆರಳಿನಿಂದ ಎಳೆದ ಗೆರೆಯೇ ದಾರಿಯಾಗಿ, ಅದರ ಮೇಲೆ ಗಾಡಿಯನ್ನು ಬಾವುಟದವರೆಗೆ ತಲುಪಿಸಬೇಕಾದ ಆಟ ನಮ್ಮದು. 2006ರಲ್ಲಿ ಬಂದ ಲೈನ್ ರೈಡರ್‌ನ ಕಾಲದಿಂದಲೂ ಜನ ಇಂಥ ಆಟಗಳನ್ನು ಪ್ರೀತಿಯಿಂದ ಆಡಿದ್ದಾರೆ. ತಾನೇ ಎಳೆದ ಗೆರೆ ತನ್ನ ಗಾಡಿಯನ್ನು ಹೊತ್ತು ನಿಲ್ಲುತ್ತದೆ ಎಂಬ ನಂಬಿಕೆಯ ಮೇಲೆಯೇ ಇವು ನಿಂತಿವೆ.

ಆ ನಂಬಿಕೆಯನ್ನು ಕೆಡಿಸಿದವನು ನಾನು. ಹಿಮದ ಲೆವೆಲ್‌ಗಳಲ್ಲಿ ಚಪ್ಪಟೆ ತಳದ ಜಾರುಗಾಡಿಯು ಸಮತಟ್ಟಾದ ಗೆರೆಯ ಮೇಲೂ ಒಮ್ಮೊಮ್ಮೆ ತಡೆದು ನಿಲ್ಲುತ್ತದೆ ಎಂದು ನಮ್ಮ ಟೆಸ್ಟರ್ ಹುಡುಗಿ ಟಿಕೆಟ್, ಅಂದರೆ ದೋಷದ ದೂರು, ಹಾಕಿದ್ದಳು. ನನ್ನ ಫೋನಿನಲ್ಲಿ ಹತ್ತು ಸಲ ಆಡಿದೆ, ಹತ್ತೂ ಸಲ ಗಾಡಿ ಸರಾಗವಾಗಿ ಜಾರಿತು. ಗೆರೆ ನಡುಗಿದ್ದರಿಂದ ಹೀಗಾಗಿದೆ, ಇದು ಬಗ್ ಅಲ್ಲ ಎಂದು ಬರೆದು ಟಿಕೆಟ್ ಮುಚ್ಚಿದೆ. ಆದರೂ ಡ್ಯಾಶ್‌ಬೋರ್ಡ್‌ನಲ್ಲಿ ಸೋತವರ ಸಂಖ್ಯೆ ಏರುತ್ತಲೇ ಇದ್ದುದರಿಂದ, ಹನ್ನೊಂದು ಲೆವೆಲ್‌ಗಳ ಇಳಿಜಾರನ್ನು ಇನ್ನಷ್ಟು ಕಡಿದಾಗಿಸಿದೆ. ಆಟಗಾರರು ಎಳೆದ ಗೆರೆಗಳ ಬಿಂದುಗಳನ್ನೂ ದಾಖಲಿಸೋಣವೆಂದು ಮ್ಯಾನೇಜರರಲ್ಲಿ ಎರಡು ಸಲ ಕೇಳಿದ್ದೆವು. ಮುಂದಿನ ಸ್ಪ್ರಿಂಟ್‌ನಲ್ಲಿ ನೋಡೋಣ ಎಂಬ ಉತ್ತರವೇ ಎರಡು ಸಲವೂ ಬಂದಿತ್ತು. ಅದಿದ್ದಿದ್ದರೆ ಕಾರಣ ಮೊದಲೇ ತಿಳಿಯುತ್ತಿತ್ತು ಎಂದು ಇಂದಿಗೂ ಅನ್ನಿಸುತ್ತದೆ.

ಪಬ್ಲಿಷರ್ ಕಡೆಯಿಂದ ಬಂದ ಹಿರಿಯ ಮಹಿಳೆಯೊಬ್ಬರು ಡೆಮೊ ದಿನ ಫೋನನ್ನು ಮೇಜಿನ ಮೇಲಿಟ್ಟು, ತೋರುಬೆರಳಿನಿಂದ ಬಹಳ ನಿಧಾನವಾಗಿ ಒಂದು ಗೆರೆ ಎಳೆದರು. ಜಾರುಗಾಡಿ ಅರ್ಧ ದಾರಿಗೆ ಬಂದು, ತಡೆಯೇ ಇಲ್ಲದ ಜಾಗದಲ್ಲಿ ಮುಗ್ಗರಿಸಿ ನಿಂತಿತು. ಅವರು ಮತ್ತಷ್ಟು ಎಚ್ಚರದಿಂದ, ಮತ್ತಷ್ಟು ನಿಧಾನವಾಗಿ ಎಳೆದರು; ಈ ಸಲ ಗಾಡಿ ಇನ್ನೂ ಬೇಗ ನಿಂತಿತು. ಕೋಣೆಯಲ್ಲಿ ಯಾರೂ ಮಾತನಾಡಲಿಲ್ಲ. ನಾನು, "ಮೇಡಂ, ಗೆರೆ ಸ್ವಲ್ಪ ನೇರವಾಗಿರಲಿ" ಎಂದೆ. ಅವರು ಫೋನನ್ನು ನನ್ನತ್ತ ತಿರುಗಿಸಿ, "ನೇರವಾಗಿಯೇ ಇದೆಯಲ್ಲ, ನೀವೇ ನೋಡಿ" ಎಂದರು. ಗೆರೆ ನೇರವಾಗಿಯೇ ಇತ್ತು. ಟೆಸ್ಟರ್ ಹುಡುಗಿ ಗೋಡೆಯ ಪಕ್ಕದ ಕುರ್ಚಿಯಲ್ಲಿ ತಲೆ ತಗ್ಗಿಸಿ ಕುಳಿತಿದ್ದಳು. ಆ ಎರಡು ನಿಮಿಷಗಳನ್ನು ನೆನೆದರೆ ಈಗಲೂ ಮುಖ ಬಿಸಿಯಾಗುತ್ತದೆ.

ಆ ಸಂಜೆ, ಗಾಡಿ ಗೆರೆಗೆ ತಾಗುವುದನ್ನು ಲೆಕ್ಕ ಹಾಕುವ ಅದೃಶ್ಯ ಆಕಾರಗಳಾದ ಕೊಲೈಡರ್‌ಗಳನ್ನು ಪರದೆಯ ಮೇಲೆ ಬಿಡಿಸಿ ನೋಡಿದಾಗ ಎಲ್ಲವೂ ಬಯಲಾಯಿತು. ಪ್ರತಿ ಫ್ರೇಮಿಗೂ ಬೆರಳಿದ್ದ ಜಾಗದಲ್ಲಿ ಒಂದು ಬಿಂದುವನ್ನಿಟ್ಟು, ಎರಡೆರಡು ಬಿಂದುಗಳ ನಡುವೆ ಒಂದೊಂದು ಬಿಡಿ ಎಡ್ಜ್ ಕೊಲೈಡರನ್ನು (ಗೆರೆಯ ನೇರ ತುಂಡನ್ನು) ನಾನು ಜೋಡಿಸಿದ್ದೆ. ಸೆಕೆಂಡಿಗೆ 60 ಫ್ರೇಮುಗಳಾದರೆ, ಅರ್ಧ ಸೆಕೆಂಡಿನಲ್ಲಿ ಎಳೆಯುವ ನನ್ನ ಗೆರೆಯಲ್ಲಿ ಸುಮಾರು 30 ಬಿಂದುಗಳು. ಮೂರು ಸೆಕೆಂಡು ತೆಗೆದುಕೊಂಡು ಎಳೆದವರ ಗೆರೆಯಲ್ಲಿ 180. ಒಂದು ತುಂಡು ಮುಗಿದು ಇನ್ನೊಂದು ಶುರುವಾಗುವ ಕಡೆ, ಚಪ್ಪಟೆ ತಳದ ಅಂಚು ಮುಂದಿನ ತುಂಡಿನ ತುದಿಗೆ ಸಿಕ್ಕಿಕೊಳ್ಳಬಲ್ಲದು, ಏಕೆಂದರೆ ಪಕ್ಕದಲ್ಲಿ ಇನ್ನೊಂದು ತುಂಡಿದೆ ಎಂಬುದು ಬಿಡಿ ತುಂಡಿಗೆ ತಿಳಿದಿರುವುದಿಲ್ಲ. ಎಚ್ಚರದಿಂದ ಆಡಿದವರ ದಾರಿಯಲ್ಲಿಯೇ ನಾನು ಹೆಚ್ಚು ಸಂದುಗಳನ್ನು ಇಟ್ಟಿದ್ದೆ.

ಎರಿನ್ ಕ್ಯಾಟೊ ಅವರ ಫಿಸಿಕ್ಸ್ ಲೈಬ್ರರಿಯಾದ ಬಾಕ್ಸ್‌ಟೂಡಿಯ ಕೈಪಿಡಿ ಇದನ್ನು ಘೋಸ್ಟ್ ಕೊಲಿಷನ್ ಎಂದು ಹೆಸರಿಟ್ಟೇ ವಿವರಿಸುತ್ತದೆ. ಪರಿಹಾರವಾಗಿ, ತುಂಡುಗಳನ್ನು ಒಂದೇ ಸರಪಳಿಯಾಗಿ ಜೋಡಿಸುವ ಚೈನ್ ಶೇಪನ್ನೂ ಕೊಟ್ಟಿದೆ. ಆ ಪುಟವನ್ನು ನಾನು ಕೆಲಸಕ್ಕೆ ಸೇರಿದ ಹೊಸದರಲ್ಲೇ ಓದಿದ್ದೆ. ಬಿಡಿ ಎಡ್ಜ್‌ಗಳನ್ನು ತೆಗೆದು ಇಡೀ ಗೆರೆಯನ್ನು ಒಂದೇ ಚೈನ್ ಮಾಡಿ, ತೀರ ಒತ್ತೊತ್ತಾಗಿದ್ದ ಬಿಂದುಗಳನ್ನು ಮೊದಲೇ ಕಳೆದುಬಿಟ್ಟೆ.

ಮರುದಿನ ಟಿಕೆಟನ್ನು ಮತ್ತೆ ತೆರೆದು, ಅದನ್ನು ಮುಚ್ಚಿದ್ದು ನನ್ನ ತಪ್ಪು ಎಂದು ಅಲ್ಲಿಯೇ ಬರೆದೆ. ಟೆಸ್ಟರ್ ಹೊಸ ಬಿಲ್ಡ್‌ನಲ್ಲಿ ಬೇಕೆಂದೇ ನಿಧಾನವಾಗಿ ಗೆರೆ ಎಳೆದು, ಜಾರುಗಾಡಿ ಎಲ್ಲಿಯೂ ನಿಲ್ಲಲಿಲ್ಲ ಎಂದು ಖಚಿತಪಡಿಸಿದಳು. ಜೊತೆಗೇ ಹೊಸ ಟಿಕೆಟೊಂದನ್ನೂ ಹಾಕಿದಳು: ನಾನು ಕಡಿದಾಗಿಸಿದ ಹನ್ನೊಂದು ಲೆವೆಲ್‌ಗಳಲ್ಲಿ ಗಾಡಿ ಈಗ ಬಾವುಟವನ್ನೇ ಹಾರಿ ದಾಟುತ್ತಿದೆ. ಈ ವಾರವೆಲ್ಲ ಅವುಗಳ ಇಳಿಜಾರನ್ನು ಒಂದೊಂದಾಗಿ ಹಿಂದಿನ ಅಳತೆಗೆ ತರುತ್ತಿದ್ದೇನೆ.