ಗದ್ದಲವಿಲ್ಲದ ಹೆನ್ ಪಾರ್ಟಿ, ಮೂರೂವರೆಯ ಟೇಬಲ್

ಶನಿವಾರದ ಬುಕಿಂಗ್‌ಗಳ ಫಂಕ್ಷನ್ ಶೀಟಿನಲ್ಲಿ ‘ಹೆನ್’, ಅಂದರೆ ಮದುಮಗಳು ಮದುವೆಗೆ ಮುಂಚೆ ಗೆಳತಿಯರೊಂದಿಗೆ ಮಾಡುವ ಪಾರ್ಟಿ, ಎಂದು ಕಂಡರೆ ಅಡುಗೆಮನೆಯಿಂದ ರಿಸೆಪ್ಷನ್‌ವರೆಗೆ ನಮ್ಮ ಹೋಟೆಲಿನವರ ಮುಖವೆಲ್ಲ ಸಪ್ಪಗಾಗುತ್ತದೆ. ಇಂಗ್ಲೆಂಡಿನ ಬಾತ್ ನಗರದಲ್ಲಿ ಹೋಟೆಲ್ ಕೆಲಸಕ್ಕಿದ್ದ ಮೇಲೆ ಇದು ತಪ್ಪಿದ್ದಲ್ಲ. ಲಂಡನ್ನಿನಿಂದ ರೈಲಿನಲ್ಲಿ ಸುಮಾರು ಒಂದೂವರೆ ಗಂಟೆ, ಇಳಿದರೆ ಬಿಸಿನೀರಿನ ಬುಗ್ಗೆ. ಮದುವೆಗೆ ಮುಂಚೆ ಗೆಳತಿಯರನ್ನು ಕಟ್ಟಿಕೊಂಡು ಬರಲು ಇನ್ನೇನು ಬೇಕು? ಎದೆಗೆ ಅಡ್ಡಲಾಗಿ ಗುಲಾಬಿ ಪಟ್ಟಿ, ಬೆನ್ನ ಮೇಲೆ ಡ್ರೈವಿಂಗ್ ಕಲಿಯುವವರ ಕೆಂಪು ‘ಎಲ್’ ಫಲಕ, ಮಧ್ಯಾಹ್ನಕ್ಕೇ ಮೂರನೆಯ ಗ್ಲಾಸ್ ಪ್ರೊಸೆಕ್ಕೊ ವೈನ್. ಹೀಗಾಗಿ ಹೆನ್ ಬುಕಿಂಗ್‌ಗೆ ನಮ್ಮಲ್ಲಿ ಬೇರೆಯದೇ ನಿಯಮ: ಮುಂಗಡ ಠೇವಣಿ, ನೆಲಮಾಳಿಗೆಯ ಕೋಣೆ, ಎರಡೂವರೆ ಗಂಟೆಯ ಅವಧಿ.

ಒಂದು ಸಲ ಮದುಮಗಳ ಗೆಳತಿಯೊಬ್ಬರು ಫೋನ್ ಮಾಡಿದ್ದರು. ‘ಒಂಬತ್ತು ಜನ, ಎಲ್ಲರೂ ಕಾಲೇಜಿನ ಕಾಲದವರು. ಪಟ್ಟಿ ಬೇಡ, ಬಲೂನು ಬೇಡ, ಆಟ ಆಡಿಸುವುದಂತೂ ಬೇಡವೇ ಬೇಡ. ಕುಳಿತು ಮಾತಾಡಬೇಕು, ಅಷ್ಟೆ’ ಎಂದರು. ಅಂಥವರನ್ನು ನೆಲಮಾಳಿಗೆಗೆ ಇಳಿಸಲು ನನಗೆ ಮನಸ್ಸಾಗಲಿಲ್ಲ. ಸಿಸ್ಟಮ್‌ನಲ್ಲಿ ಸಾಮಾನ್ಯ ಆಫ್ಟರ್‌ನೂನ್ ಟೀ (ಚಹಾದ ಜೊತೆ ಸ್ಕೋನ್, ಕೇಕು) ಎಂದು ಹಾಕಿ, ಮೇಲಿನ ಮಹಡಿಯ ಕಿಟಕಿ ಪಕ್ಕದ ಉದ್ದ ಮೇಜು ಕೊಟ್ಟೆ. ಸಾಮಾನ್ಯ ಟೀ ಎಂದರೆ 90 ನಿಮಿಷ. ಎರಡಕ್ಕೆ ಕುಳಿತವರು ಮೂರೂವರೆಗೆ ಏಳಬೇಕು. ಮೂರೂವರೆಗೆ ಅದೇ ಮೇಜು ಮದುವೆಯ ಐವತ್ತನೆಯ ವರ್ಷಾಚರಣೆಯ ಒಂದು ಕುಟುಂಬಕ್ಕೆ ಹೋಗಿತ್ತು. ಕುಡಿದು ಕುಣಿಯದ ಜನ ಹೊತ್ತಿಗೆ ಸರಿಯಾಗಿ ಎದ್ದುಹೋಗುತ್ತಾರೆ ಎಂದುಕೊಂಡಿದ್ದೆ.

ಎಲ್ಲಿಯ ಮಾತು! ಗದ್ದಲದವರಿಗೆ ಮುಂದಿನ ಪಬ್ ಕಾಯುತ್ತಿರುತ್ತದೆ, ಅವರನ್ನು ಏಳಿಸುವ ಕೆಲಸವೇ ಇಲ್ಲ. ಇವರು ಬೆಳಿಗ್ಗೆ ಥರ್ಮೇ ಬಾತ್ ಸ್ಪಾದ ಚಾವಣಿ ಕೊಳದಲ್ಲಿ ನೆನೆದು ಬಂದಿದ್ದರು. ನೆಲದೊಳಗಿನಿಂದ ಸುಮಾರು 45 ಡಿಗ್ರಿಯಲ್ಲಿ ಉಕ್ಕುವ ನೀರನ್ನು 33ರ ಆಸುಪಾಸಿಗೆ ಇಳಿಸಿ ಅಲ್ಲಿ ತುಂಬಿರುತ್ತಾರೆ. ಅದರಲ್ಲಿ ನೆಂದ ಮೈ ಕುರ್ಚಿ ಬಿಟ್ಟೀತೇ? ಮದುಮಗಳು ಬನ್ನಿನಂಥ ಸ್ಕೋನ್ ಕೊಯ್ದು ಒಂದು ಹೋಳಿನ ಮೇಲೆ ಜಾಮ್ ಸವರಿದವರು, ಗೆಳತಿಯ ಯಾವುದೋ ಕತೆ ಕೇಳುತ್ತಾ ಚಾಕುವನ್ನು ಹಾಗೆಯೇ ಎತ್ತಿ ಹಿಡಿದುಕೊಂಡಿದ್ದರು. ನಾನು ಪಕ್ಕದ ಮೇಜು ಒರೆಸಿ ಬಂದರೂ ಚಾಕು ಇಳಿದಿರಲಿಲ್ಲ.

ಮೂರು ಇಪ್ಪತ್ತು. ಸ್ಟ್ಯಾಂಡಿನ ಮೇಲಿನ ತಟ್ಟೆಯ ಕೇಕುಗಳನ್ನು ಇನ್ನೂ ಯಾರೂ ಮುಟ್ಟಿಲ್ಲ. ಖಾಲಿ ತಟ್ಟೆಗಳನ್ನು ಎತ್ತಿದೆ, ಬಿಲ್ ಇಟ್ಟೆ, ಸುಮ್ಮನೆ ಒಂದು ಚಮಚ ಸರಿಪಡಿಸಿದೆ. ‘ಎಷ್ಟು ಚೆನ್ನಾಗಿ ನೋಡಿಕೊಳ್ಳುತ್ತೀರಿ! ಇನ್ನೊಂದು ಪಾಟ್ ಅರ್ಲ್ ಗ್ರೇ ಟೀ ಸಿಕ್ಕೀತೇ?’ ಎಂದರು. ತಂದುಕೊಟ್ಟೆ! ಬೇರೇನು ಮಾಡಲಿ, ತಿನ್ನುತ್ತಾ ಕುಳಿತವರನ್ನು ಏಳಿ ಎನ್ನಲು ನಮಗೆ ಯಾರೂ ಕಲಿಸಿಲ್ಲವಲ್ಲ.

ಮೂರೂ ಮೂವತ್ತೈದರ ಹೊತ್ತಿಗೆ ಕಾರಿಡಾರಿನಲ್ಲಿ ಆ ಕುಟುಂಬ ಬಂದು ನಿಂತಿತ್ತು. ನಮ್ಮ ಕಲ್ಯಾಣ ಮಂಟಪವಾಗಿದ್ದರೆ ಮುಂದಿನ ಪಂಕ್ತಿಯವರು ಕುರ್ಚಿಯ ಬೆನ್ನು ಹಿಡಿದು ನಿಂತು, ಪಾಯಸ ಬರುವ ಮೊದಲೇ ಕೆಲಸ ಮುಗಿಸಿಬಿಡುತ್ತಿದ್ದರು. ಇವರು ಇಂಗ್ಲಿಷರು, ಕಾರ್ಪೆಟ್ ನೋಡುತ್ತಾ ನಿಂತರು. ಕೋಲೂರಿ ನಿಂತ ಅಜ್ಜನಿಗೊಂದು ಕುರ್ಚಿ ತಂದೆ. ವಾಕಿಟಾಕಿಯಲ್ಲಿ ಮ್ಯಾನೇಜರ್: ‘ಟೇಬಲ್ ಟರ್ನ್ ಆಯಿತೇ?’ ಮುಂದಿನವರಿಗೆ ಮೇಜು ತೆರವಾಯಿತೇ ಎಂದು. ‘ಆಗುತ್ತಿದೆ.’ ಒಳಗೆ ಯಾರೋ ಹಳೆಯ ಫೋಟೊಗಳ ಲಕೋಟೆ ಬಿಚ್ಚುತ್ತಿದ್ದರು.

ಕೊನೆಗೆ ಫೋನ್ ಮಾಡಿದ್ದ ಗೆಳತಿಯ ಪಕ್ಕ ಬಾಗಿ ಇದ್ದದ್ದನ್ನು ಇದ್ದಹಾಗೆ ಹೇಳಿದೆ. ‘ಕುಳಿತಾಗಲೇ ಹೇಳಬಾರದಿತ್ತೇ?’ ಎಂದವರೇ ಎದ್ದರು. ಎರಡೇ ನಿಮಿಷದಲ್ಲಿ ಒಂಬತ್ತೂ ಮಂದಿ ತಮ್ಮ ತಮ್ಮ ಕಪ್ಪು ಹಿಡಿದು, ಕೇಕಿನ ಸ್ಟ್ಯಾಂಡನ್ನೂ ಹೊತ್ತು, ಕೆಳಗಿನ ಲೈಬ್ರರಿ ಕೋಣೆಗೆ ಇಳಿದರು. ಆರು ಗಂಟೆಯವರೆಗೆ ಅಲ್ಲಿಂದ ಕದಲಲಿಲ್ಲ. ಅಷ್ಟೂ ಹೊತ್ತು ಬಿಸಿನೀರು ಹೊತ್ತು ಮೆಟ್ಟಿಲು ಹತ್ತಿಳಿದವಳು ನಾನು. ಧಾರಾಳವಾಗಿ ಟಿಪ್ಸ್ ಇಟ್ಟಿದ್ದರು. ಅದು ಪೂರ್ತಿ ಕೆಲಸಗಾರರಿಗೇ ಸೇರಬೇಕೆಂಬ ಕಾನೂನು ಇಲ್ಲಿ 2024ರ ಅಕ್ಟೋಬರ್‌ನಿಂದ ಜಾರಿಯಲ್ಲಿದೆ, ಪುಣ್ಯ.

ಸೋಮವಾರದ ಮೀಟಿಂಗಿನಲ್ಲಿ ಅಜ್ಜನನ್ನು ಕಾಯಿಸಿದ್ದರ ಸುದ್ದಿಯೇ ಇಲ್ಲ. ಠೇವಣಿ ಏಕೆ ಪಡೆಯಲಿಲ್ಲ ಎಂಬುದೊಂದೇ ಪ್ರಶ್ನೆ. ಸಮಾಧಾನದ ಗುಂಪಿಗೆ ಗದ್ದಲದ ಗುಂಪಿಗಿಂತ ಹೆಚ್ಚು ಹೊತ್ತು ಬೇಕು, ಮೂರು ಗಂಟೆ ಕೊಡಿ ಎಂದೆ. ತಲೆಯಾಡಿಸಿದರು. ವಾರದೊಳಗೆ ಸಿಸ್ಟಮ್‌ನಲ್ಲಿ ‘ಶಾಂತ ಹೆನ್’ ಎಂಬ ಹೊಸ ಆಯ್ಕೆ ಬಂತು. ಠೇವಣಿ ಹೆನ್‌ನಷ್ಟೇ, ಅವಧಿ ಮಾತ್ರ 90 ನಿಮಿಷ.

ಈಗ ಅಂಥವರು ಬಂದರೆ ಮುಂದಿನ ಸ್ಲಾಟಿಗೆ ನಾನೇ ‘ಕಿಟಕಿ ದುರಸ್ತಿ’ ಎಂದು ಬರೆದು ಮೇಜು ತಡೆದಿಡುತ್ತೇನೆ. ಕಳೆದ ಸಲ ಮೇಂಟೆನೆನ್ಸ್‌ನವನು ಅದನ್ನು ಓದಿ, ಏಣಿ ಹೆಗಲಿಗೇರಿಸಿಕೊಂಡು ಬಂದು, ಎರಡನೆಯ ಪಾಟ್ ಟೀ ನಡುವೆ ಯಾವ ಕಿಟಕಿ ಎಂದು ಮದುಮಗಳನ್ನೇ ಕೇಳಿದ.